ಎಮ್ಮೆಗೆ ಬರೆ ಹಾಕುವ ಮುನ್ನ



ಹೈದರಾಬಾದಿನ ಕಾಚಿಗುಡದಲ್ಲಿ ನಮ್ಮ ಕಾಕಾ ಇದ್ದಾರೆ. ಕಲಬುರಗಿ ಕಡೆಯವರು. ಬ್ಯಾಂಕಿನಿಂದ ನಿವೃತ್ತರಾದ ಮೇಲೂ ಅಲ್ಲೇ ಉಳಿದರು. ಆ ಊರು ಅವರಿಗೆ ಪರವೂರು ಅನ್ನಿಸಿದ್ದೇ ಇಲ್ಲ. 1956ರವರೆಗೆ ಕಲಬುರಗಿ, ಬೀದರ, ರಾಯಚೂರಿನವರಿಗೆ ರಾಜಧಾನಿಯೇ ಹೈದರಾಬಾದು. ಕಾಚಿಗುಡದ ನೃಪತುಂಗ ಶಾಲೆಯ ಆಸುಪಾಸಿನಲ್ಲಿ ಈಗಲೂ ಕನ್ನಡ ಕಿವಿಗೆ ಬೀಳುತ್ತದೆ.

ಒಂದು ಮಳೆಗಾಲದ ಬೆಳಿಗ್ಗೆ ಕಾಕಾ ಫೋನು ಮಾಡಿದರು. "ಏನಪಾ, ನನ್ನ ಕಾರಿನಾಗ ದೀಪಾವಳಿ ಆಗೇದ. ಎಲ್ಲಾ ದೀಪಾ ಹತ್ಯಾವ. ಗಾಡಿ ಮಾತ್ರ ಚಾಲೂ ಆಗವಲ್ದು."

ಹೋಗಿ ನೋಡಿದೆ. ಸ್ಟೀರಿಂಗಿನ ಹಿಂದಿನ ಫಲಕದಲ್ಲಿ ಕೆಂಪು, ಹಳದಿ ದೀಪಗಳು ಒಟ್ಟಿಗೇ ಉರಿಯುತ್ತಿದ್ದವು. ಎಂಜಿನ್ನಿನ ದೀಪ, ಬ್ರೇಕಿನ ದೀಪ, ಏರ್‌ಬ್ಯಾಗಿನ ದೀಪ, ಸ್ಟೀರಿಂಗಿನ ದೀಪ. ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಳಗೆ ಮಲಗಿತ್ತು. ಕೀಲಿ ತಿರುವಿದರೆ ಸದ್ದೇ ಇಲ್ಲ.

ಅಷ್ಟರಲ್ಲಿ ಒಂದು ಗ್ಯಾರೇಜಿನವರು ಬಂದು ಸ್ಕ್ಯಾನರ್ ಜೋಡಿಸಿ ಹೋಗಿದ್ದರು. ಎಂಜಿನ್ನಿನ ಕಂಪ್ಯೂಟರ್ ಸತ್ತಿದೆ, ಹೊಸದು ಹಾಕಬೇಕು, ಸುಮಾರು 50 ಸಾವಿರ ಆಗುತ್ತದೆ ಎಂದಿದ್ದರು. ಕಾಕಾರ ಮುಖ ಬಾಡಿತ್ತು. "ನನ್ನ ಒಂದು ತಿಂಗಳ ಪೆನ್ಶನ್ ಪೂರ್ತಿ ಹೋತು" ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆ ನಿಮಗೆಲ್ಲ ಗೊತ್ತು. ಇವತ್ತಿನ ಕಾರುಗಳ ರಿಪೇರಿಯಲ್ಲಿ ಅದು ದಿನವೂ ನಡೆಯುತ್ತದೆ. ಕಾರಿನೊಳಗಿನ ಕಂಪ್ಯೂಟರ್ ಡಬ್ಬಿಗಳು ಒಂದರೊಡನೊಂದು ಮಾತು ಬಿಟ್ಟಾಗ, ಜ್ವರ ಬಂದಿರುವುದು ಯಾರಿಗೆ ಎಂದು ಕಂಡುಹಿಡಿಯುವುದು ಹೇಗೆ? ಇಂದಿನ ಮಾತು ಅಷ್ಟೇ.

ಮೊದಲು ಈ ಡಬ್ಬಿಗಳು ಎಲ್ಲಿಂದ ಬಂದವು ಅನ್ನುವುದನ್ನು ನೋಡೋಣ. ಅಂಬಾಸಿಡರ್, ಪದ್ಮಿನಿ ಓಡಾಡುತ್ತಿದ್ದ ಕಾಲ ನೆನಪಿಸಿಕೊಳ್ಳಿ. ಕಾರು ನಿಂತರೆ ಮೇಸ್ತ್ರಿ ಎರಡೇ ಪ್ರಶ್ನೆ ಕೇಳುತ್ತಿದ್ದ. ಕಿಡಿ ಬರುತ್ತಿದೆಯೇ? ಪೆಟ್ರೋಲು ಬರುತ್ತಿದೆಯೇ? ಎರಡೂ ಬಂದರೆ ಗಾಡಿ ಓಡಲೇಬೇಕು. 1983ರ ಕೊನೆಯಲ್ಲಿ ಬಂದ ಮೊದಲ ಮಾರುತಿಗೂ ಇದೇ ಲೆಕ್ಕ. 2000ದ ಸುಮಾರಿಗೆ ಹೊಗೆಯ ನಿಯಮ ಬಿಗಿಯಾಯಿತು. ಕಾರ್ಬ್ಯುರೇಟರ್ ಹೋಗಿ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕಂಪ್ಯೂಟರ್ ಬಂತು. ಅದು ಮೊದಲನೆಯ ಡಬ್ಬಿ. 2019ರಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಬ್ರೇಕು ಕಡ್ಡಾಯವಾಯಿತು. ಚಾಲಕನಿಗೆ ಏರ್‌ಬ್ಯಾಗೂ ಕಡ್ಡಾಯವಾಯಿತು. ಎರಡಕ್ಕೂ ಒಂದೊಂದು ಡಬ್ಬಿ. 2020ರ ಏಪ್ರಿಲ್‌ನಲ್ಲಿ ಬಿಎಸ್ ಆರು ಎಂಬ ಹೊಸ ಹೊಗೆಯ ನಿಯಮ ಬಂತು. ಲೆಕ್ಕ ಇನ್ನೂ ಸೂಕ್ಷ್ಮವಾಯಿತು. ಬಾಗಿಲು, ಕಿಟಕಿ, ದೀಪ ನೋಡಿಕೊಳ್ಳಲು ಇನ್ನೊಂದು ಡಬ್ಬಿ. ಸ್ಟೀರಿಂಗಿಗೆ ಮತ್ತೊಂದು. ಈಗ ಸಾಧಾರಣ ಕಾರಿನಲ್ಲೇ ಹತ್ತಿಪ್ಪತ್ತು ಡಬ್ಬಿಗಳು. ದೊಡ್ಡ ಸಾಹುಕಾರರ ಕಾರಿನಲ್ಲಿ ಎಪ್ಪತ್ತು ಎಂಬತ್ತು.

ಇಷ್ಟು ಜನ ಒಂದು ಮನೆಯಲ್ಲಿದ್ದರೆ ಮಾತಾಡಲೇಬೇಕಲ್ಲ? ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಬ್ರೇಕಿನ ಡಬ್ಬಿಗೆ ಗೊತ್ತು. ಆ ಸುದ್ದಿ ವೇಗ ತೋರಿಸುವ ಮುಳ್ಳಿಗೂ ಬೇಕು, ಎಂಜಿನ್ನಿಗೂ ಬೇಕು, ಸ್ಟೀರಿಂಗಿಗೂ ಬೇಕು. ಓಡುವಾಗ ಬಾಗಿಲು ತಾನಾಗಿ ಲಾಕ್ ಆಗಬೇಕಾದರೆ ಬಾಗಿಲಿನ ಡಬ್ಬಿಗೂ ಬೇಕು. ಹಳೆಯ ಕ್ರಮದಲ್ಲಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ತಂತಿ ಎಳೆಯಬೇಕು. ಕಾರಿನ ತುಂಬ ತಂತಿಯೇ ಆಗುತ್ತದೆ.

ಇದಕ್ಕೆ ದಾರಿ ಹುಡುಕಿದ್ದು ಜರ್ಮನಿಯ ಬಾಷ್ ಕಂಪನಿ. ಬೆಂಗಳೂರಿಗರಿಗೆ ಇದು ಹೊಸ ಹೆಸರಲ್ಲ. ಆಡುಗೋಡಿಯಲ್ಲಿ 1950ರ ದಶಕದಲ್ಲಿ ಶುರುವಾದ ಮೈಕೊ ಇದೇ ಬಳ್ಳಿಯ ಕಾಯಿ. ಬಾಷ್‌ನ ಎಂಜಿನಿಯರುಗಳು 1983ರಲ್ಲಿ ಕೆಲಸ ಹಿಡಿದರು. 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಹೆಸರು ಕಂಟ್ರೋಲರ್ ಏರಿಯಾ ನೆಟ್‌ವರ್ಕ್. ಚುಟುಕಾಗಿ ಕ್ಯಾನ್. ಹಾಲಿನ ಕ್ಯಾನಿಗೂ ಇದಕ್ಕೂ ಸಂಬಂಧವಿಲ್ಲ. 1990ರ ದಶಕದ ಮೊದಲಿಗೆ ಮರ್ಸಿಡಿಸ್‌ನ ದೊಡ್ಡ ಕಾರಿನಲ್ಲಿ ಅದು ಓಡತೊಡಗಿತು. ಇವತ್ತು ಕಾಕಾರ ಪುಟ್ಟ ಕಾರಿನಲ್ಲೂ ಇದೆ.

ಅದು ಹೇಗೆ ಕೆಲಸ ಮಾಡುತ್ತದೆ? ನಾನೀಗ ಮಾಡುತ್ತಿರುವ ಹಾಗೆಯೇ. ನಾನು ಬಾನುಲಿಯಲ್ಲಿ ಮಾತಾಡುತ್ತಿದ್ದೇನೆ. ನಿಮ್ಮಲ್ಲಿ ಒಬ್ಬೊಬ್ಬರ ಮನೆಗೂ ಬಂದು ಹೇಳುತ್ತಿಲ್ಲ. ಬೇಕಾದವರು ಕೇಳುತ್ತೀರಿ. ಬೇಡದವರು ಒಲೆಯ ಕಡೆ ಗಮನ ಕೊಡುತ್ತೀರಿ. ಕ್ಯಾನ್ ಕೂಡ ಕಾರಿನೊಳಗಿನ ಬಾನುಲಿಯೇ. ಬ್ರೇಕಿನ ಡಬ್ಬಿ ವೇಗವನ್ನು ಸಾರುತ್ತದೆ. ಬೇಕಾದ ಡಬ್ಬಿ ಕೇಳಿಸಿಕೊಳ್ಳುತ್ತದೆ. ಒಂದು ಸುದ್ದಿಯಲ್ಲಿ ಎಂಟೇ ಬೈಟ್. ಹಳೆಯ ಕಾಲದ ಟೆಲಿಗ್ರಾಮಿನಂತೆ, ಹೆಚ್ಚು ಮಾತಿಗೆ ಜಾಗವಿಲ್ಲ. ಆದರೆ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸುದ್ದಿ ಹೋಗುತ್ತವೆ.

ಒಂದು ವ್ಯತ್ಯಾಸ ಮಾತ್ರ ಇದೆ. ಬಾನುಲಿಯಲ್ಲಿ ನಾನೊಬ್ಬನೇ ಮಾತಾಡುತ್ತೇನೆ. ಅಲ್ಲಿ ಎಲ್ಲರ ಕೈಯಲ್ಲೂ ಮೈಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ? ಅದಕ್ಕೊಂದು ಸೊಗಸಾದ ಕಟ್ಟಳೆ ಇದೆ. ಪ್ರತಿ ಸುದ್ದಿಗೂ ಒಂದು ಸಂಖ್ಯೆ. ಮಾತಿಗೆ ಮೊದಲು ಆ ಸಂಖ್ಯೆಯನ್ನು ಸೊನ್ನೆ, ಒಂದು ಎಂದು ಬಿಡಿಬಿಡಿಯಾಗಿ ಹೇಳಬೇಕು. ಸೊನ್ನೆ ಅಂದರೆ ಗಟ್ಟಿ ಧ್ವನಿ. ಒಂದು ಅಂದರೆ ಮೌನ. ತಾನು ಮೌನವಾಗಿದ್ದಾಗ ಬೇರೆಯವರ ಗಟ್ಟಿ ಧ್ವನಿ ಕೇಳಿಸಿದರೆ, ನನಗಿಂತ ಮುಖ್ಯವಾದ ಸುದ್ದಿ ಬಂದಿದೆ ಎಂದು ತಿಳಿದು ಆ ಡಬ್ಬಿ ಹಿಂದೆ ಸರಿಯುತ್ತದೆ. ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ಗೆದ್ದವರ ಮಾತು ಒಂದಕ್ಷರವೂ ಕೆಡುವುದಿಲ್ಲ. ನಮ್ಮ ಟೀವಿ ಚರ್ಚೆಗಳಿಗೆ ಈ ಕಟ್ಟಳೆ ಬಂದರೆ ಎಷ್ಟು ಚೆನ್ನ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನೂ ಒಂದು ಗುಣವಿದೆ. ಒಂದು ಡಬ್ಬಿ ಮೇಲಿಂದ ಮೇಲೆ ತಪ್ಪು ಮಾತಾಡಿದರೆ, ತನ್ನ ತಪ್ಪನ್ನು ತಾನೇ ಎಣಿಸುತ್ತದೆ. ಎಣಿಕೆ 255 ದಾಟುತ್ತಿದ್ದಂತೆ ತಾನಾಗಿಯೇ ಮೌನವ್ರತ ಹಿಡಿಯುತ್ತದೆ. ಮಿಕ್ಕವರ ಮಾತು ಕೆಡಬಾರದಲ್ಲ, ಅದಕ್ಕೆ. ಹೀಗೆ ಸುಮ್ಮನಾದವರನ್ನು ಸತ್ತವರೆಂದು ತಿಳಿಯಬಾರದು. ಇದನ್ನು ನೆನಪಿಡಿ.

ಈವರೆಗಿನ ಮಾತು ಇಷ್ಟು. ಕಾರಿನಲ್ಲಿ ಹಲವು ಡಬ್ಬಿಗಳಿವೆ. ಅವು ಒಂದೇ ದಾರಿಯಲ್ಲಿ ಸುದ್ದಿ ಸಾರುತ್ತವೆ. ಆ ದಾರಿ ಹೇಗಿರುತ್ತದೆ?

ಎರಡು ಸಣ್ಣ ತಂತಿಗಳು. ಹೂಬತ್ತಿ ಹೊಸೆದಂತೆ ಒಂದಕ್ಕೊಂದು ಹೊಸೆದಿರುತ್ತವೆ. ಮೌನವಿದ್ದಾಗ ಎರಡರಲ್ಲೂ ಸುಮಾರು ಎರಡೂವರೆ ವೋಲ್ಟ್. ಮಾತು ಬಂದಾಗ ಒಂದು ತಂತಿ ಮೂರೂವರೆಗೆ ಏರುತ್ತದೆ. ಇನ್ನೊಂದು ಒಂದೂವರೆಗೆ ಇಳಿಯುತ್ತದೆ. ಏರುವ ತಂತಿಗೆ ಹೈ ಎಂದೂ ಇಳಿಯುವ ತಂತಿಗೆ ಲೋ ಎಂದೂ ಹೆಸರು. ಅಲೆ ತೋರಿಸುವ ಯಂತ್ರದಲ್ಲಿ ಇದನ್ನು ನೋಡಿದ್ದೇನೆ. ಕೆರೆಯ ದಂಡೆಯ ಗುಡಿಯನ್ನೂ ನೀರಿನಲ್ಲಿ ಅದರ ನೆರಳನ್ನೂ ಮನಸ್ಸಿಗೆ ತಂದುಕೊಳ್ಳಿ. ಮೇಲೆ ಎಷ್ಟು ಶಿಖರವೋ ಕೆಳಗೆ ಅಷ್ಟೇ ನೆರಳು. ಹಾಗೆ ಕಾಣುತ್ತದೆ.

ಹೊಸೆಯುವುದೇಕೆ? ಎಂಜಿನ್ನಿನ ಕಿಡಿಯಿಂದ, ಮೋಟರುಗಳಿಂದ ಗದ್ದಲ ಬರುತ್ತದೆ. ಹೊಸೆದ ಎರಡೂ ತಂತಿಗೆ ಆ ಗದ್ದಲ ಸಮನಾಗಿ ತಾಗುತ್ತದೆ. ಕೇಳುವ ಡಬ್ಬಿ ಎರಡರ ನಡುವಿನ ಅಂತರವನ್ನಷ್ಟೇ ನೋಡುತ್ತದೆ. ಗದ್ದಲ ತಾನೇ ಅಳಿಸಿಹೋಗುತ್ತದೆ.

ಇನ್ನು ದಾರಿಯ ಎರಡು ತುದಿಗಳು. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಮಾತು ಹೇಳಿದರೆ ಮತ್ತೆ ಮತ್ತೆ ಮರಳಿ ಬರುತ್ತದೆ. ತಂತಿಯ ತುದಿಗೆ ಮುಟ್ಟಿದ ಸುದ್ದಿಯೂ ಹಾಗೆಯೇ ಮರುಧ್ವನಿಯಾಗಿ ವಾಪಸು ಹೊರಡುತ್ತದೆ. ಹೊಸ ಸುದ್ದಿಯ ಮೇಲೆ ಹಳೆಯದು ಬಿದ್ದು ಎರಡೂ ಕೆಡುತ್ತವೆ. ಅದನ್ನು ಹೀರಿಕೊಳ್ಳಲು ಪ್ರತಿ ತುದಿಯಲ್ಲೂ 120 ಓಮ್‌ನ ಒಂದು ರೆಸಿಸ್ಟರ್ ಇಡುತ್ತಾರೆ. ಒಂದು ಸಾಮಾನ್ಯವಾಗಿ ಎಂಜಿನ್ನಿನ ಡಬ್ಬಿಯೊಳಗೇ ಇರುತ್ತದೆ. ಇನ್ನೊಂದು ಆ ಕಡೆಯ ತುದಿಯ ಡಬ್ಬಿಯಲ್ಲಿ. ಎರಡು 120 ಅಕ್ಕಪಕ್ಕ ಸೇರಿದರೆ ಮೀಟರಿಗೆ ಕಾಣುವುದು ಅದರ ಅರ್ಧ. ಅಂದರೆ 60. ಈ ಅರವತ್ತನ್ನು ಕೈಬೆರಳಿಗೆ ದಾರ ಕಟ್ಟಿಕೊಂಡಾದರೂ ನೆನಪಿಡಿ.

ದಾರಿ ಗೊತ್ತಾಯಿತು. ಇನ್ನು ದೂರಿನ ವಿಷಯ.

ಸ್ಕ್ಯಾನರ್ ಅಂದರೆ ಡಬ್ಬಿಗಳ ದೂರುಪತ್ರ ಓದುವ ಯಂತ್ರ. ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ, ಹದಿನಾರು ರಂಧ್ರಗಳ ಒಂದು ಕಪ್ಲರ್ ಇರುತ್ತದೆ. ಅಲ್ಲಿ ಅದನ್ನು ಚುಚ್ಚುತ್ತಾರೆ. ದೂರುಗಳಿಗೆ ಸಂಕೇತವಿದೆ. ಪಿ ಅಂತ ಶುರುವಾದರೆ ಎಂಜಿನ್, ಗೇರು. ಸಿ ಅಂದರೆ ಬ್ರೇಕು, ಸ್ಟೀರಿಂಗು. ಬಿ ಅಂದರೆ ಕಾರಿನ ಒಡಲು. ಯು ಅಂದರೆ ಮಾತು ಕೆಟ್ಟಿದೆ. ಕಾಕಾರ ಕಾರಿನಲ್ಲಿ ಸಿಕ್ಕಿದ್ದು ಯು0100. ಎಂಜಿನ್ನಿನ ಡಬ್ಬಿಯ ಮಾತು ಕೇಳಿಸುತ್ತಿಲ್ಲ ಎಂದು ಅದರ ಅರ್ಥ.

ಇಲ್ಲಿಯೇ ಎಮ್ಮೆಗೆ ಬರೆ ಬೀಳುವುದು. ಕೇಳಿಸುತ್ತಿಲ್ಲ ಅನ್ನುವುದನ್ನು ಗ್ಯಾರೇಜಿನವರು ಸತ್ತಿದ್ದಾನೆ ಎಂದು ಓದಿದರು. ನಿಮ್ಮ ತಮ್ಮನಿಗೆ ಫೋನು ಮಾಡುತ್ತೀರಿ. ಸಿಗುವುದಿಲ್ಲ. ತಮ್ಮ ಇಲ್ಲವಾದ ಅನ್ನುತ್ತೀರಾ? ಚಾರ್ಜು ಮುಗಿದಿರಬಹುದು. ಸಿಗ್ನಲ್ ಇಲ್ಲದಿರಬಹುದು. ನಿಮ್ಮ ಫೋನೇ ಕೆಟ್ಟಿರಬಹುದು. ಯು ಸಂಕೇತ ಕೊಡುವುದು ಸಾಕ್ಷಿ ಮಾತ್ರ. ತೀರ್ಪು ಕೊಡುವವನು ಮನುಷ್ಯ. ನನ್ನ ಅನುಭವದಲ್ಲಿ ಡಬ್ಬಿ ನಿಜವಾಗಿ ಕೆಟ್ಟದ್ದಕ್ಕಿಂತ ದಾರಿ ಕೆಟ್ಟದ್ದೇ ಹೆಚ್ಚು. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ನಗುತ್ತೇವೆ. ಕಾರಿನಲ್ಲಿ ಬಹಳ ಸಲ ನೆಲವೇ ಡೊಂಕಾಗಿರುತ್ತದೆ.

ಕಾಕಾರನ್ನು ಕರೆದುಕೊಂಡು ನನಗೆ ಪರಿಚಯವಿದ್ದ ಒಬ್ಬ ಉಸ್ತಾದರ ಬಳಿ ಹೋದೆ. ನಮ್ಮ ಕಡೆ ಮೇಸ್ತ್ರಿ ಅನ್ನುತ್ತೇವೆ. ಹೈದರಾಬಾದಿನಲ್ಲಿ ಉಸ್ತಾದ್. ತಗಡಿನ ಮಾಡು, ಗೋಡೆಯ ಮೇಲೆ ಸೀಮೆಸುಣ್ಣದ ಲೆಕ್ಕ, ಒಂದು ಮಲ್ಟಿಮೀಟರ್, ಒಂದು ಹಳೆಯ ಹೆಡ್‌ಲೈಟ್ ಬಲ್ಬು. ಕಾರನ್ನು ಕಟ್ಟಿ ಎಳೆದು ತಂದದ್ದಾಯಿತು. ಹೊಸ ಡಬ್ಬಿಯ ಮಾತು ಎತ್ತಿದೆ. ಅವರು ದಖನಿಯಲ್ಲಿ ಒಂದೇ ಮಾತು ಹೇಳಿದರು: "ಡಬ್ಬಾ ನಕ್ಕೋ. ಪೈಲೆ ತಾರ್ ದೇಖೋ." ಡಬ್ಬಿ ಬೇಡ, ಮೊದಲು ತಂತಿ ನೋಡು.

ಅವರು ಮೊದಲು ಮುಟ್ಟಿದ್ದು ಬ್ಯಾಟರಿಯನ್ನು. ಹನ್ನೆರಡೂವರೆ ವೋಲ್ಟ್ ಇತ್ತು. ಚೆನ್ನಾಗಿದೆ ಎಂದರು. ಬ್ಯಾಟರಿ ಸೊರಗಿದ್ದರೆ ಡಬ್ಬಿಗಳು ಅರೆನಿದ್ದೆಯಲ್ಲಿ ಏನೇನೋ ದೂರು ಬರೆದಿಡುತ್ತವೆ. ಆ ದೂರುಗಳನ್ನು ನಂಬಿ ಹೋದವರು ಹಾಳಾದರು. ಆಮೇಲೆ ಹಳೆಯ ದೂರನ್ನೆಲ್ಲ ಅಳಿಸಿ ಹೊಸದಾಗಿ ಓದಿದರು. ಅಳಿಸಿದ ಮೇಲೂ ಮರಳಿ ಬಂದದ್ದಷ್ಟೇ ಇವತ್ತಿನ ರೋಗ.

ಗೋಡೆಯ ಮೇಲೆ ಐದು ಹೆಸರು ಬರೆದರು. ಬ್ರೇಕು, ಏರ್‌ಬ್ಯಾಗು, ಸ್ಟೀರಿಂಗು, ಮುಂದಿನ ಫಲಕ, ಬಾಗಿಲಿನ ಡಬ್ಬಿ. ಐದೂ ಎಂಜಿನ್ನಿನ ಮೇಲೆ ದೂರುತ್ತಿದ್ದವು. ಒಬ್ಬರ ಮೇಲೊಬ್ಬರು ದೂರುತ್ತಿರಲಿಲ್ಲ. ಅಂದರೆ ಐವರ ನಡುವೆ ಮಾತು ನಡೆದಿದೆ. ಆರನೆಯವನು ಮಾತ್ರ ಇಲ್ಲ. ಕೀಲಿ ತಿರುವಿದರೆ ಸದ್ದಿಲ್ಲದ್ದೂ ಇದಕ್ಕೇ. ಇದು ಮನೆಯ ಅಸಲಿ ಕೀಲಿ ಹೌದು ಎಂದು ಬಾಗಿಲಿನ ಡಬ್ಬಿ ಎಂಜಿನ್ನಿಗೆ ಹೇಳಬೇಕು. ಆ ಮಾತು ಮುಟ್ಟುತ್ತಿಲ್ಲ.

ಎಲ್ಲರೂ ಎಲ್ಲರ ಮೇಲೂ ದೂರಿದ್ದರೆ ಹೆದ್ದಾರಿಯೇ ಮುಚ್ಚಿದೆ ಎಂದು ತಿಳಿಯಬೇಕಿತ್ತು. ಆಗ ಕೆಟ್ಟ ಡಬ್ಬಿಯೊಂದು ಇಡೀ ದಾರಿಯನ್ನು ಹಿಡಿದೆಳೆದಿರಬಹುದು. ಒಂದೊಂದೇ ಡಬ್ಬಿಯ ಕಪ್ಲರ್ ಬಿಚ್ಚುತ್ತ ಹೋಗಬೇಕು. ಯಾರನ್ನು ಬಿಚ್ಚಿದಾಗ ಮಿಕ್ಕವರ ಮಾತು ಮರಳುತ್ತದೋ ಅವನೇ ಆಸಾಮಿ. ಕಾಕಾರ ಕಾರಿಗೆ ಅದು ಬೇಕಾಗಲಿಲ್ಲ. ಇಲ್ಲಿ ಸಂಶಯ ಎರಡೇ. ಆರನೆಯವನ ಮನೆಯಲ್ಲಿ ತೊಂದರೆ, ಇಲ್ಲವೇ ಅವನ ಮನೆಗೆ ಹೋಗುವ ದಾರಿಯಲ್ಲಿ ತೊಂದರೆ.

ಇಲ್ಲಿಗೆ ಬ್ಯಾಟರಿ ಸರಿ ಎಂದಾಯಿತು. ದೂರು ಎಂಜಿನ್ನಿನ ಡಬ್ಬಿಯತ್ತ ಬೆರಳು ಮಾಡುತ್ತಿದೆ. ಈಗ ಅದಕ್ಕೆ ಊಟ ಸಿಗುತ್ತಿದೆಯೇ ನೋಡಬೇಕು.

ಡಬ್ಬಿಗೆ ಊಟವೆಂದರೆ ಕರೆಂಟು ಮತ್ತು ಅರ್ಥಿಂಗು. ಇದನ್ನು ಉಸ್ತಾದ್ ಮೀಟರಿನಿಂದ ನೋಡಲಿಲ್ಲ. ಡಬ್ಬಿಯ ಕಪ್ಲರ್ ಬಿಚ್ಚಿ, ಅದರ ಕರೆಂಟಿನ ತಂತಿಗೂ ಅರ್ಥಿಂಗಿನ ತಂತಿಗೂ ನಡುವೆ ಆ ಹಳೆಯ ಬಲ್ಬನ್ನು ಹಿಡಿದರು. ಬಲ್ಬು ಪೂರ್ತಿ ಹೊತ್ತಿತು. ನನಗೆ ಖುಷಿಯಾಯಿತು. ಏಕೆ ಗೊತ್ತೇ? ತಂತಿಯೊಳಗೆ ಇಪ್ಪತ್ತು ಎಳೆ ಇರುತ್ತವೆ ಎಂದುಕೊಳ್ಳಿ. ಹತ್ತೊಂಬತ್ತು ತುಂಡಾಗಿ ಒಂದೇ ಉಳಿದರೂ ಮೀಟರ್ ಎಲ್ಲ ಸರಿ ಅನ್ನುತ್ತದೆ. ಅದಕ್ಕೆ ಬೇಕಾದ ಕರೆಂಟು ಅಷ್ಟು ಕಡಿಮೆ. ಬಲ್ಬಿಗೆ ನಾಲ್ಕೈದು ಆಂಪಿಯರ್ ಬೇಕು. ಒಂದೆಳೆಯ ಸೇತುವೆಯ ಮೇಲೆ ಇರುವೆ ದಾಟೀತು, ಎತ್ತಿನ ಗಾಡಿ ದಾಟೀತೇ? ಒಂದು ಎಚ್ಚರಿಕೆ. ಈ ಬಲ್ಬಿನ ಆಟ ಕರೆಂಟು, ಅರ್ಥಿಂಗಿನ ದಪ್ಪ ತಂತಿಗಳಿಗೆ ಮಾತ್ರ. ಮಾತಿನ ತಂತಿಗೆ ಬಲ್ಬು ಹಿಡಿದರೆ ಆರೋಗ್ಯವಾಗಿದ್ದ ಡಬ್ಬಿಯೂ ಸತ್ತೀತು. ಹಳದಿ ಕಪ್ಲರುಗಳ ಹತ್ತಿರ ಮೀಟರನ್ನೂ ತರಬಾರದು. ಹಳದಿ ಅಂದರೆ ಏರ್‌ಬ್ಯಾಗು. ಅದು ಮುಖಕ್ಕೇ ಸಿಡಿದೀತು.

ಊಟ ಸರಿ. ಉಳಿದದ್ದು ದಾರಿ. ಡಬ್ಬಿಯ ಕಪ್ಲರನ್ನು ಮತ್ತೆ ಜೋಡಿಸಿದರು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಒಂದು ಲೋಟ ಚಹಾ ಮುಗಿಯುವಷ್ಟು ಕಾದರು. ಡಬ್ಬಿಗಳು ಮಲಗಲಿ ಎಂದು. ಕರೆಂಟು ಹರಿಯುವಾಗ ಓಮ್ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಆಮೇಲೆ ಸ್ಕ್ಯಾನರ್ ಚುಚ್ಚುವ ಕಪ್ಲರಿನ ಆರನೆಯ ರಂಧ್ರಕ್ಕೂ ಹದಿನಾಲ್ಕನೆಯ ರಂಧ್ರಕ್ಕೂ ಮೀಟರಿನ ಮುಳ್ಳು ಇಟ್ಟರು. ಆರು ಅಂದರೆ ಹೈ. ಹದಿನಾಲ್ಕು ಅಂದರೆ ಲೋ. ಎಲ್ಲ ಕಾರುಗಳಲ್ಲೂ ಇಲ್ಲಿಂದ ನೇರವಾಗಿ ಒಳದಾರಿಗೆ ಹೋಗಲಾಗುವುದಿಲ್ಲ. ಕೆಲವುಗಳಲ್ಲಿ ನಡುವೆ ಕಾವಲುಗಾರ ಡಬ್ಬಿ ಕೂತಿರುತ್ತದೆ. ಈ ಕಾರಿನಲ್ಲಿ ಇರಲಿಲ್ಲ.

ಮೀಟರ್ 120 ತೋರಿಸಿತು.

ಅರವತ್ತಕ್ಕೆ ಅರಳು ಮರಳು ಅನ್ನುತ್ತೇವೆ. ಕಾರಿನದು ತಿರುಗುಮುರುಗು. ಅರವತ್ತಿದ್ದರೆ ಬುದ್ಧಿ ಸ್ವಾಧೀನದಲ್ಲಿದೆ. ನೂರಿಪ್ಪತ್ತಾದರೆ ಅರಳು ಮರಳು. ಅಂದರೆ ಎರಡು ತುದಿಯ ರೆಸಿಸ್ಟರುಗಳಲ್ಲಿ ಒಂದು ಕಾಣೆಯಾಗಿದೆ. ಸೊನ್ನೆಯ ಹತ್ತಿರ ಬಂದಿದ್ದರೆ ಎರಡು ತಂತಿ ಒಂದಕ್ಕೊಂದು ತಾಗಿವೆ ಎಂದು ತಿಳಿಯಬೇಕು.

ಉಸ್ತಾದ್ ಬಾನೆಟ್ಟಿನ ಕೆಳಗೆ ಹೋಗಿ ಎಂಜಿನ್ನಿನ ಡಬ್ಬಿಯ ಮಾತಿನ ಎರಡು ಪಿನ್ನುಗಳನ್ನೇ ಅಳೆದರು. ಅಲ್ಲೂ 120. ಆ ಡಬ್ಬಿಯೊಳಗಿನ ರೆಸಿಸ್ಟರ್ ಸರಿಯಾಗಿದೆ. ಈ ತುದಿಯಲ್ಲಿ ಒಂದು 120, ಆ ತುದಿಯಲ್ಲಿ ಇನ್ನೊಂದು 120. ಎರಡೂ ಇವೆ. ಒಂದನ್ನೊಂದು ಕಾಣುತ್ತಿಲ್ಲ. ನದಿಯ ಈ ದಡದಲ್ಲಿ ಒಬ್ಬ, ಆ ದಡದಲ್ಲಿ ಒಬ್ಬ, ನಡುವೆ ಸೇತುವೆ ಬಿದ್ದಿದೆ. ಕಾಕಾ ಆಗ ನಿಟ್ಟುಸಿರು ಬಿಟ್ಟು ಒಂದು ಡಬ್ಬದ ಮೇಲೆ ಕೂತರು. 50 ಸಾವಿರ ಉಳಿಯುವ ಲಕ್ಷಣ ಅವರಿಗೂ ಕಂಡಿತ್ತು.

ಇದೀಗ ಹುಡುಕಬೇಕಾದದ್ದು ತುಂಡಾದ ಜಾಗ. ತಂತಿಗಳು ಎಲ್ಲಿ ಹಾಳಾಗುತ್ತವೆ?

ಹೈದರಾಬಾದಿನಲ್ಲಿ ಮೊದಲ ಆರೋಪಿ ಇಲಿ. ಅಪಾರ್ಟ್‌ಮೆಂಟುಗಳ ಕೆಳಗಿನ ಪಾರ್ಕಿಂಗಿಗೆ ಅಲ್ಲಿ ಸೆಲ್ಲಾರ್ ಅನ್ನುತ್ತಾರೆ. ಬಿಸಿ ಎಂಜಿನ್ನಿನ ಪಕ್ಕ ಹೆಗ್ಗಣಗಳು ಬೆಚ್ಚಗೆ ಮಲಗಿ ತಂತಿ ಕಡಿಯುತ್ತವೆ. ಖೈರತಾಬಾದಿನಲ್ಲಿ ಆಕಾಶದೆತ್ತರದ ಗಣಪನನ್ನು ಕೂರಿಸುವ ಊರು. ಗಣಪನ ವಾಹನ ನಮ್ಮ ವಾಹನವನ್ನು ತಿನ್ನುತ್ತದೆ. ಯಾರಿಗೆ ದೂರುವುದು? ಇಲಿಯ ನಂತರದ ಆರೋಪಿ ನಾವೇ. ಕಳ್ಳರ ಅಲಾರಂ, ಹೊಸ ಸ್ಟೀರಿಯೊ, ಕಣ್ಣು ಕುಕ್ಕುವ ದೀಪ ಎಂದು ತಂತಿ ಕತ್ತರಿಸಿ ಟೇಪು ಸುತ್ತುತ್ತೇವೆ. ಟ್ಯಾಕ್ಸಿಗಳಿಗೆ 2019ರಿಂದ ದಾರಿ ತೋರುವ ಟ್ರ್ಯಾಕರ್ ಬಂದ ಮೇಲೆ ಸಿಕ್ಕ ತಂತಿಗೆ ಅದನ್ನು ಗಂಟು ಹಾಕಿದವರೂ ಇದ್ದಾರೆ.

ಆದರೆ ಎಲ್ಲಕ್ಕಿಂತ ದೊಡ್ಡ ಶತ್ರು ನೀರು. 2020ರ ಅಕ್ಟೋಬರ್ 13 ಮತ್ತು 14ರ ಮಳೆಯನ್ನು ಹೈದರಾಬಾದಿನವರು ಮರೆತಿಲ್ಲ. ಬೇಗಂಪೇಟೆಯಲ್ಲಿ ಒಂದೇ ದಿನ ಸುಮಾರು 19 ಸೆಂಟಿಮೀಟರ್ ಮಳೆ ಬಿತ್ತು. ಹಳೆಯ ಊರಿನ ಬೀದಿಗಳಲ್ಲಿ ಕಾರುಗಳು ದೋಣಿಯಂತೆ ತೇಲಿದವು. ಅಂಥ ಕಾರನ್ನು ಒಣಗಿಸಿ, ತೊಳೆದು, ಸೀಟು ಬದಲಿಸಿದರೆ ಎರಡು ವಾರ ಚೆನ್ನಾಗಿ ಓಡುತ್ತದೆ. ನೀರು ಕಪ್ಲರಿನೊಳಗೆ ಕೂತಿರುತ್ತದೆ. ದೀಪದ ಬತ್ತಿ ಎಣ್ಣೆ ಹೀರಿದಂತೆ ತಂತಿಯ ಎಳೆಗಳ ನಡುವೆ ಏರುತ್ತದೆ. ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ತಿಂಗಳ ಮೇಲೆ ಒಂದು ದಿನ ಡಬ್ಬಿಗಳು ಮಾತು ನಿಲ್ಲಿಸುತ್ತವೆ. ಅಗ್ಗಕ್ಕೆ ಸಿಕ್ಕಿತು ಎಂದು ಹಳೆಯ ಕಾರು ಕೊಳ್ಳುವವರು ಒಮ್ಮೆ ಕಾರ್ಪೆಟ್ ಎತ್ತಿ ಮೂಸಿ ನೋಡಿ. ಮೂಗು ಸ್ಕ್ಯಾನರಿಗಿಂತ ಮೊದಲೇ ಹೇಳುತ್ತದೆ.

ಕಾಕಾರ ಕಾರು ಪ್ರವಾಹ ಕಂಡದ್ದಲ್ಲ. ಆದರೂ ಉಸ್ತಾದ್ ಎಡಗಡೆಯ ಸೀಟಿನ ಮುಂದೆ, ಕಾಲಿಡುವ ಜಾಗದ ಕಾರ್ಪೆಟ್ ಎತ್ತಿದರು. ಒದ್ದೆ. ಪಕ್ಕದ ಪ್ಲಾಸ್ಟಿಕ್ ಹಲಗೆ ಕಳಚಿದರು. ಎಂಜಿನ್ನಿನ ಕಡೆಯಿಂದ ಒಳಗೆ ಬರುವ ತಂತಿಗಳ ಒಂದು ದೊಡ್ಡ ಕಪ್ಲರ್ ಅಲ್ಲಿತ್ತು. ಬಿಚ್ಚಿ ಬೆಳಕಿಗೆ ಹಿಡಿದರು. ಮೂವತ್ತು ನಲವತ್ತು ಪಿನ್ನುಗಳು, ಎಲ್ಲ ಹೊಳೆಯುತ್ತಿದ್ದವು. ಒಂದು ಮಾತ್ರ ಪಾಚಿ ಬಣ್ಣ. ಬೆರಳಿನಿಂದ ಮುಟ್ಟಿದರೆ ಪುಡಿಯಾಗಿ ಉದುರಿತು. ಅದು ಲೋ ತಂತಿಯ ಪಿನ್ನು.

ಹಸಿರು ಭಾಗ ಕತ್ತರಿಸಿ, ಹೊಸ ಪಿನ್ನು ಒತ್ತಿ ಕೂರಿಸಿದರು. ಬಿಚ್ಚಿದ ಹೊಸೆತವನ್ನು ಮತ್ತೆ ಹೊಸೆದರು. ಮೀಟರ್ ಇಟ್ಟರೆ 60. ಬ್ಯಾಟರಿ ಜೋಡಿಸಿ ಕೀಲಿ ತಿರುವಿದೆವು. ಕಾರು ಒಂದೇ ಏಟಿಗೆ ಎದ್ದಿತು. ದೀಪಗಳು ಒಂದೊಂದಾಗಿ ಆರಿದವು.

ಬಹಳ ಜನ ಇಲ್ಲಿಗೆ ಕೈ ತೊಳೆಯುತ್ತಾರೆ. ಉಸ್ತಾದ್ ಮೂಲಕ್ಕೇ ಕೈ ಹಾಕಿದರು. ಕೇಳುಗರೆ, ನನಗೆ ಇಲ್ಲಿ ಇನ್ನೊಬ್ಬ ಕನ್ನಡಿಗರ ನೆನಪಾಗುತ್ತದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರಕಾರ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು. ಹಾನಿಯಾದದ್ದು ಊರಿನಲ್ಲಿ. ಅವರು ಲೆಕ್ಕ ಹಾಕಿದ್ದು ಊರಿನ ಮೇಲ್ಗಡೆಯ ನೆಲವನ್ನು. ನದಿಗೆ ನೀರು ಕೊಡುವ ಆ ಸೀಮೆಯಲ್ಲಿ ಸುಮಾರು 800 ಕೆರೆಗಳಿದ್ದವು. ಇನ್ನೂರಕ್ಕೂ ಹೆಚ್ಚು ಒಡೆದಿದ್ದವು. ಊರೊಳಗೆ ನದಿಯ ದಂಡೆಯನ್ನೂ ಸರಿಪಡಿಸಿ ಎಂದರು. ಆದರೆ ಮುಖ್ಯವಾಗಿ ಮೇಲ್ಗಡೆಯೇ ನೀರನ್ನು ತಡೆಯಿರಿ ಎಂದರು. ಹಾಗೆ ಬಂದದ್ದು 1920ರ ಉಸ್ಮಾನ್ ಸಾಗರ, ಆಮೇಲೆ 1927ರ ಹಿಮಾಯತ್ ಸಾಗರ.

ಉಸ್ತಾದರಿಗೆ ಈ ಕಥೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಅವರು ಒದ್ದೆ ಕಾರ್ಪೆಟ್ಟನ್ನು ಹಿಂಡಿ, ನೀರು ಎಲ್ಲಿಂದ ಬಂತು ಎಂದು ತಮಗೆ ತಾವೇ ಕೇಳಿಕೊಂಡರು. ಒಂದು ಕೊಡ ನೀರು ತರಿಸಿ ಮುಂದಿನ ಗಾಜಿನ ಮೇಲೆ ಸುರಿದರು. ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಜಾಲರಿಯಿರುವ ಒಂದು ಕಾಲುವೆ ಇರುತ್ತದೆ. ಮಳೆನೀರು ಅಲ್ಲಿಗೆ ಇಳಿದು ಎರಡು ಬದಿಯ ತೂತುಗಳಿಂದ ನೆಲಕ್ಕೆ ಹೋಗಬೇಕು. ಬಲಗಡೆ ಹೋಯಿತು. ಎಡಗಡೆ ನಿಂತಿತು. ನಿಂತ ನೀರು ಮೆಲ್ಲಗೆ ತಂತಿಗಳ ರಬ್ಬರಿನ ಸಂದಿನಿಂದ ಒಳಗೆ ಜಿನುಗತೊಡಗಿತು. ಜಾಲರಿ ತೆಗೆದು ಕೈಹಾಕಿದರು. ಒಂದು ಮುಷ್ಟಿ ಕೊಳೆತ ಬೇವಿನೆಲೆ ಬಂತು. ಕಾಕಾರ ಅಂಗೈಯಲ್ಲಿ ಇಟ್ಟರು.

ಎರಡು ಸಾವಿರದೊಳಗೆ ಕೆಲಸ ಮುಗಿಯಿತು. ಮನೆಗೆ ಬರುತ್ತ ನಾನು ಹೇಳಿದೆ, "ಕಾಕಾ, ಇನ್ನು ಮೇಲೆ ಆ ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಬ್ಯಾಡ್ರಿ."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೇ ತಿಂಗಳಾಗ ಹೈದ್ರಾಬಾದ್ ಬಿಸಲು ನೀ ನೋಡಿಲ್ಲೇನು?" ಎಂದರು. "ನೆಳ್ಳು ಬ್ಯಾಡ ಅಂದ್ರ ಹ್ಯಾಂಗಪಾ. ಅಲ್ಲೇ ನಿಲ್ಲಸ್ತೀನಿ. ವಾರಕ್ಕೊಮ್ಮೆ ಎಲಿ ನಾನೇ ತಗೀತೀನಿ, ಬಿಡು."